ಮೈ ಕೊಡವದ ಟಗರು

ಬಸ್ಸು ನಿಲ್ಲಿಸಿದ ದಿನದಿಂದ ಪ್ರಭಾಕರ್ ಕೈ ಕಟ್ಟಿಕೊಂಡೇ ಇರುತ್ತಿದ್ದ. ನಿಂತಾಗಲೂ ಕೂತಾಗಲೂ ಎರಡು ತೋಳುಗಳನ್ನು ಎದೆಯ ಮೇಲೆ ಅಡ್ಡ ಹಾಕಿ, ಅಂಗೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದ. ಊರಿನವರು ಇದನ್ನು ಜಂಬ ಎಂದುಕೊಂಡರು. ಹಾಗೆಂದುಕೊಳ್ಳುವುದಕ್ಕೆ ಕಾರಣವೂ ಇತ್ತು. ಪಾಪಿರೆಡ್ಡಿಪಟ್ಟಿಗೆ ಹೋಗುವ ದಾರಿಯಲ್ಲಿ, ಊರ ಮುಂದಿನ ಹುಣಸೆಮರಕ್ಕೆ ಗೆಳೆಯರು ಒಂದು ಫ್ಲೆಕ್ಸ್ ಬ್ಯಾನರು ಕಟ್ಟಿದ್ದರು. ಅದರಲ್ಲಿಯೂ ಪ್ರಭಾಕರ್ ಹೀಗೇ ಕೈ ಕಟ್ಟಿಕೊಂಡು ನಿಂತಿದ್ದ. ಅವನ ಹಿಂದೆ ಬೆಟ್ಟ, ಅಕ್ಕಪಕ್ಕ ಎರಡು ಹುಲಿ. ಹುಲಿಗಳು ಯಾಕೆ ಬಂದವೆಂದು ಯಾರೂ ಕೇಳಲಿಲ್ಲ. ಬ್ಯಾನರು ಅಂಗಡಿಯವನ ಕಂಪ್ಯೂಟರಿನಲ್ಲಿ ಅವು ಮೊದಲೇ ಇದ್ದವು. ಊರು ತಮಿಳುನಾಡಿನದು; ಮೇಲುಗಡೆ ದಪ್ಪ ತಮಿಳಕ್ಷರಗಳಲ್ಲಿ, ನಲವತ್ತು ಜೀವ ಉಳಿಸಿದ ನಮ್ಮ ಅಣ್ಣ ಎಂದು ಬರೆದಿತ್ತು.

ನಡೆದದ್ದು ಇಷ್ಟು. ಅವನು ಓಡಿಸುತ್ತಿದ್ದದ್ದು ಏರ್ಕಾಡಿನ ಕಾಫಿ ತೋಟಗಳಿಗೆ ಕೆಲಸದವರನ್ನು ಬೆಳಿಗ್ಗೆ ಹತ್ತಿಸಿಕೊಂಡು ಹೋಗಿ ಸಂಜೆ ಇಳಿಸಿಕೊಂಡು ಬರುವ ಬಸ್ಸು. ಮಾಲೀಕ ಸೇಲಂನ ಸೆಲ್ವಕುಮಾರ್. ಒಂದು ಸಂಜೆ ಘಾಟಿ ಇಳಿಯುವಾಗ ಬ್ರೇಕ್ ಪೆಡಲು ಕಾಲಿನ ಕೆಳಗೆ ಹಸಿ ಹಿಟ್ಟಿನ ಹಾಗೆ ಕುಸಿಯಿತು. ಮುಂದೆ ಹೇರ್‌ಪಿನ್ ತಿರುವು. ಪ್ರಭಾಕರ್ ಗೇರು ಇಳಿಸಿ, ಬಸ್ಸನ್ನು ಬೆಟ್ಟದ ಬರೆಗೆ ಉಜ್ಜಿಸುತ್ತಾ ತಂದು ಒಂದು ಸಿಲ್ವರ್ ಓಕ್ ಮರಕ್ಕೆ ಆನಿಸಿ ನಿಲ್ಲಿಸಿದ. ಎಡಗಡೆಯ ಕನ್ನಡಿಯೊಂದು ಹೋಯಿತು, ಅಷ್ಟೇ. ಒಳಗಿದ್ದ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡು ಗಡಗಡ ನಡುಗಿದರು. ಒಬ್ಬಾಕೆ ವಾಂತಿ ಮಾಡಿಕೊಂಡಳು, ಇನ್ನೊಬ್ಬಾಕೆಗೆ ನಗು ನಿಲ್ಲಲಿಲ್ಲ. ಕ್ಲೀನರ್ ಲಕ್ಷ್ಮಣನ್ ಪ್ಯಾಂಟು ಒದ್ದೆ ಮಾಡಿಕೊಂಡು, ಅದನ್ನು ಮುಚ್ಚಿಡದೆ, ಬಂದ ಬಂದ ಗಾಡಿಯವರಿಗೆಲ್ಲ ತಾನೇ ಹೇಳಿದ. ಡ್ರೈವರ್ ಮಾತ್ರ ಕೆಳಗಿಳಿದು, ಚಕ್ರಕ್ಕೆ ಕಲ್ಲು ಕೊಟ್ಟು, ಯಾರೋ ತಂದುಕೊಟ್ಟ ಟೀ ಕುಡಿದನಂತೆ. ಒಂದು ಕೂದಲು ಅಲ್ಲಾಡಲಿಲ್ಲ ಎಂದು ಎಲ್ಲರೂ ಹೇಳಿದರು.

ಪ್ರಭಾಕರನಿಗೆ ನೆನಪಿದ್ದದ್ದು ಬೇರೆ. ಪೆಡಲು ಕುಸಿದದ್ದು ನೆನಪಿತ್ತು. ಆಮೇಲೆ ತಿರುವಿನ ಮೋಟುಗೋಡೆಯ ಮೇಲೆ ಒಂದು ಕೋತಿ ಕೂತು ಬಿಸ್ಕೆಟ್ ಪೊಟ್ಟಣ ಬಿಚ್ಚುತ್ತಿದ್ದದ್ದು ನೆನಪಿತ್ತು. ಕೋತಿಯ ಉಗುರು, ಪೊಟ್ಟಣದ ನೀಲಿ ಬಣ್ಣ, ಅದು ಹಲ್ಲಿನಿಂದ ಮೂಲೆ ಹರಿದದ್ದು ಎಲ್ಲ ಕಣ್ಣಿಗೆ ಕಟ್ಟಿದ ಹಾಗಿತ್ತು. ಸದ್ದು ಮಾತ್ರ ಇರಲಿಲ್ಲ. ಅದಾದ ಮೇಲೆ ಕೈಯಲ್ಲಿ ಟೀ ಲೋಟ. ನಡುವೆ ಗೇರು ಇಳಿಸಿದವರು ಯಾರು, ಸ್ಟಿಯರಿಂಗ್ ತಿರುಗಿಸಿದವರು ಯಾರು ಎಂಬುದು ಅವನಿಗೆ ಗೊತ್ತಿರಲಿಲ್ಲ. ‘ಎಲ್ಲಾ ಗಟ್ಟಿಯಾಗಿ ಇಡ್ಕೊಳ್ಳಿ’ ಎಂದು ಕೂಗಿದನೆಂದು ಜನ ಹೇಳಿದರು. ಜನ ಹೇಳಿದ್ದರಿಂದ ಅವನೂ ಹಾಗೇ ಹೇಳುತ್ತಿದ್ದ.

ಕೈ ನಡುಗಲು ಶುರುವಾದದ್ದು ಮಾರನೆಯ ಬೆಳಿಗ್ಗೆ, ಅಂಗಿಯ ಗುಂಡಿ ಹಾಕುವಾಗ. ಒಂದೆರಡು ದಿನದಲ್ಲಿ ಹೋಗುತ್ತದೆಂದು ಸುಮ್ಮನಾದ. ಹೋಗಲಿಲ್ಲ. ರಾತ್ರಿ ಹಲ್ಲು ಕಚ್ಚಿ ದವಡೆ ನೋಯುತ್ತಿತ್ತು. ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಪಕ್ಕದ ಮನೆಯ ಕುಕ್ಕರ್ ಕೂಗಿದರೆ ಎದೆ ದಬದಬ ಹೊಡೆದುಕೊಳ್ಳುತ್ತಿತ್ತು. ಆ ಮನೆಯವರು ದಿನಕ್ಕೆ ಎರಡು ಸಲ ಬೇಳೆ ಬೇಯಿಸುವವರು. ಟೀ ಅಂಗಡಿಯಲ್ಲಿ ಲೋಟ ಎತ್ತಿದರೆ ಕಟಕಟ ಸದ್ದಾಗುತ್ತದೆಂದು, ಟೀ ಬಿಟ್ಟೆ ಎಂದು ಸಾರಿಬಿಟ್ಟ. ಮನೆಯಲ್ಲಿ ಹೆಂಡತಿ ಗಂಗಾಲಕ್ಷ್ಮಿ ಕಾಫಿ ತಂದು ಚಾಚಿದರೆ ಕೈ ನೀಡುತ್ತಿರಲಿಲ್ಲ. “ಅಲ್ಲೇ ಕೆಳಗಿಡು” ಎನ್ನುತ್ತಿದ್ದ. ಅವಳು ಇಟ್ಟು ಒಳಗೆ ಹೋದ ಮೇಲೆ, ಬಗ್ಗಿ, ಎರಡು ಕೈಯಲ್ಲಿ ಹಿಡಿದು ಕುಡಿಯುತ್ತಿದ್ದ. ಗಂಗಾಲಕ್ಷ್ಮಿ ಏನೂ ಕೇಳಲಿಲ್ಲ. ಲೋಟ ಇಡುವ ಸದ್ದು ಮಾತ್ರ ದಿನದಿಂದ ದಿನಕ್ಕೆ ಜೋರಾಯಿತು.

ಅಷ್ಟರಲ್ಲಿ ಬಸ್ಸು ರಿಪೇರಿಯಾಯಿತು. ಸೆಲ್ವಕುಮಾರ್ ಫೋನು ಮಾಡಿ, ಸೋಮವಾರದಿಂದ ಅದೇ ಬಸ್ಸು, ಅದೇ ರೂಟು, ತೋಟದವರೂ ನಿನ್ನನ್ನೇ ಕೇಳುತ್ತಿದ್ದಾರೆ ಎಂದ. ಪ್ರಭಾಕರ್ ಸರಿ ಅಣ್ಣಾ ಎಂದ. ಫೋನಿನಲ್ಲಿ ಸರಿ ಎನ್ನುವುದಕ್ಕೆ ಕೈ ಬೇಕಾಗುವುದಿಲ್ಲ.

*

ಅವನ ತಾಯಿ ಮಾರಕ್ಕ ಕುರಿ ಸಾಕುವವಳು. ಮಗ ಉಳಿದ ಸುದ್ದಿ ಬಂದ ಗಳಿಗೆಯಲ್ಲೇ ಅವಳು ಮನೆದೇವರು ಮುನಿಯಪ್ಪನಿಗೆ ಹರಕೆ ಕಟ್ಟಿಕೊಂಡಳು. ಮಂದೆಯಲ್ಲಿದ್ದ ಒಳ್ಳೆಯ ಟಗರನ್ನು ಬೇರೆ ಮಾಡಿ, ಮನೆಯ ಮುಂದಿನ ಬೇವಿನಮರಕ್ಕೆ ಕಟ್ಟಿದಳು. ಸ್ವಾಮಿಯದು ಎಂದ ಮೇಲೆ ಶುದ್ಧವಾಗಿರಬೇಡವೇ? ದಿನಾ ಬೆಳಿಗ್ಗೆ ಬೋರಿನ ಪೈಪು ಹಿಡಿದು ಅದಕ್ಕೆ ಸ್ನಾನ ಮಾಡಿಸತೊಡಗಿದಳು. ಶುಕ್ರವಾರ ಶಾಂಪೂ ಪೊಟ್ಟಣವೂ ಆಗುತ್ತಿತ್ತು. ಮೊದಲ ದಿನ ಟಗರು ನೀರಿಗೆ ಬೆಚ್ಚಿ, ಹಗ್ಗ ಜಗ್ಗಿ, ಅವಳನ್ನು ಕೆಸರಿಗೆ ಕೆಡವಿತು. ಕೆಲವು ದಿನ ಕಳೆದ ಮೇಲೆ ತಾನೇ ಪೈಪಿನ ಹತ್ತಿರ ಹೋಗಿ ನಿಲ್ಲತೊಡಗಿತು. “ದ್ಯಾವ್ರ ಟಗರು, ಬುದ್ಧಿ ನೋಡು” ಎಂದು ಮಾರಕ್ಕ ಹೆಮ್ಮೆಪಟ್ಟಳು.

ಹರಕೆಯ ಭಾನುವಾರ ಬೆಳಿಗ್ಗೆ ಹರೂರಿನಿಂದ ಪ್ರಭಾಕರನ ತಂಗಿ ಸಂಧ್ಯಾ ಬಂದಳು. ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ಅವಳು ನರ್ಸು. ಅಣ್ಣ ಕೊಟ್ಟಿಗೆಯ ಪಕ್ಕ ಕಲ್ಲುಚಪ್ಪಡಿಯ ಮೇಲೆ ಕೈ ಕಟ್ಟಿಕೊಂಡು ಕೂತಿದ್ದ. ಅವಳು ಚೀಲದಿಂದ ಬಿಪಿ ಮಿಷನ್ನು ತೆಗೆದಳು.

“ಕೈ ಬಿಚ್ಚಣ್ಣ.”

“ಯಾತಕ್ಕೆ?”

“ಬಿಪಿ ನೋಡ್ಬೇಕು. ಕಟ್ಕೊಂಡಿರೋ ಕೈಗೆ ಪಟ್ಟಿ ಎಂಗೆ ಸುತ್ತಲಿ?”

“ನಂಗೇನೂ ಇಲ್ಲ, ಓಗು.”

“ಬ್ಯಾನರಲ್ಲೂ ಇಂಗೇ ನಿಂತಿದೀಯ. ಬಸ್ಟ್ಯಾಂಡಲ್ಲಿ ಇಳಿದ ಕೂಡ್ಲೆ ನೋಡ್ದೆ. ಆ ಉಲಿಗಳಾದ್ರೂ ಕೈ ಬಿಟ್ಕೊಂಡು ನಿಂತವೆ.”

ಅವನು ಎಡಗೈ ಚಾಚಿದ. ಬೆರಳುಗಳು ಗಾಳಿಗೆ ಸಿಕ್ಕ ಎಲೆಯ ಹಾಗೆ ಅದುರುತ್ತಿದ್ದವು. ಸಂಧ್ಯಾ ಅದನ್ನು ನೋಡಿ ಪಟ್ಟಿ ಸುತ್ತಿದಳು. ಮಿಷನ್ನು ಬುಸ್ಸೆಂದು ಗಾಳಿ ಬಿಟ್ಟಿತು. ಇನ್ನೊಂದು ಸಲ ಸುತ್ತಿದಳು. ಎರಡನೆಯ ಸಲವೂ ಮಿಷನ್ನು ಬಿಪಿ ಏರಿದೆ ಎಂದೇ ಹೇಳಿತು.

“ಯಾವಾಗಿಂದ?”

“ಅವತ್ತಿಂದ.”

“ಯಾರ್ಗೂ ಯೋಳಿಲ್ಲ?”

“ಏನಂತ ಯೋಳ್ಲಿ? ಅದು ಮುಗ್ದೋಯ್ತಲ್ಲ.”

“ನಿಂಗೆ ಮುಗೀತು. ನಿನ್ನ ಮೈಗೆ ಯಾರೂ ಯೋಳಿಲ್ಲ.” ಸಂಧ್ಯಾ ಪಟ್ಟಿ ಮಡಿಸಿದಳು. “ಕಿಡ್ನಿ ಮ್ಯಾಲೆ ಟೋಪಿ ಇಟ್ಟಂಗೆ ಒಂದೊಂದು ಸಣ್ಣ ಗ್ರಂಥಿ ಐತೆ. ಅಪಾಯ ಬಂತು ಅಂತ ಮೆದುಳು ಕೂಗ್ದೇಟ್ಗೆ ಅದು ಒಂದು ರಸ ಬಿಡ್ತದೆ. ಎದೆ ಜೋರಾಗಿ ಬಡ್ಕೊಳ್ತದೆ, ಕೈಕಾಲಿಗೆ ರಕ್ತ ನುಗ್ತದೆ, ಒಟ್ಟೆ ಕೆಲ್ಸ ನಿಲ್ಸ್ತದೆ. ಓಡು, ಇಲ್ಲಾ ಜಗಳಾಡು ಅಂತ. ಅವತ್ತು ಬಸ್ ನಿಲ್ಸಿದ್ದು ಅದೇ. ನಿಲ್ಸಿದ ಮ್ಯಾಲೆ ಅದು ಸುಮ್ಮನಾಗ್ಬೇಕು. ನಿಂದು ಆಗಿಲ್ಲ. ಇನ್ನೊಂದು ರಸ ಬಿಡ್ತಾ ಕೂತೈತೆ, ಕಾವಲು ಕಾಯ್ತಾ.”

“ಬಸ್ ನಿಲ್ಸಿದ್ದು ನಾನಲ್ವಾ?”

“ನೀನೇ. ನಿನ್ನ ಕಿಡ್ನಿ ಪಕ್ಕದ್ಮನೆಯೋರ್ದಾ?”

ಪ್ರಭಾಕರ್ ಕುರಿಗಳ ಕಡೆ ತಿರುಗಿದ. “ಲಕ್ಷ್ಮಣನ್ ಅಳ್ತಾ ನಡುಗ್ತಾ ಇದ್ದ. ಅವನು ಮೂರ್ನೇ ದಿನಕ್ಕೆ ಬಿರಿಯಾನಿ ತಿಂತಿದ್ದ.”

“ಅತ್ತುಬಿಟ್ರೆ ಎಲ್ಲಾ ವಾಸಿಯಾಗ್ತದೆ ಅಂತ ನಾ ಯೋಳಲ್ಲ. ಕೆಲವ್ರಿಗೆ ಬೇಗ ಬಿಡ್ತದೆ, ಕೆಲವ್ರಿಗೆ ಇಲ್ಲ. ಡಾಕ್ಟರ್ ಹತ್ರ ಓಗಾನ. ಆದ್ರೆ ನಾಳೆ ಬಸ್ ಹತ್ಬೇಡ.”

“ಒಪ್ಕೊಂಡಿದೀನಿ.”

“ಆಗಲ್ಲ ಅನ್ನು.”

“ಬ್ಯಾನರ್ ಕಟ್ಟವ್ರಲ್ಲೇ.”

“ಬ್ಯಾನರ್ ಇರೋದು ಹುಣಸೆಮರದಲ್ಲಿ. ನೀನು ಇಳಿಸ್ಬೇಕಾಗಿರೋದು ಏರ್ಕಾಡಿಂದ. ಹಿಂದೆ ಅದೇ ಹೆಂಗಸ್ರು ಕೂತಿರ್ತಾರೆ.”

ಅವನಿಗೆ ಅದು ಗೊತ್ತಿತ್ತು. ಹಿಂದಿನ ದಿನ ಊರ ಹೊರಗೆ ಗೆಳೆಯನ ಟೆಂಪೋ ಹತ್ತಿ ಕೂತು ನೋಡಿದ್ದ. ಸ್ಟಿಯರಿಂಗ್ ಹಿಡಿದ ಕೂಡಲೇ ನಡುಕ ಮೊಣಕೈಯವರೆಗೆ ಏರಿತ್ತು. ಇಳಿದು, ಸೀಟು ಸರಿಯಿಲ್ಲ ಎಂದು ಹೇಳಿ ಬಂದಿದ್ದ. ಇದನ್ನು ಸಂಧ್ಯಾಳಿಗೆ ಹೇಳಲಿಲ್ಲ. ಕೈಗಳನ್ನು ಮತ್ತೆ ಕಂಕುಳಲ್ಲಿ ಇಟ್ಟುಕೊಂಡ.

*

ಅವರ ಮುನಿಯಪ್ಪ ಇರುವುದು ಹೊಲದ ಬದುವಿನ ಮೇಲೆ. ಮೂರು ಕಲ್ಲು, ನೆಟ್ಟ ನಾಲ್ಕು ಕಬ್ಬಿಣದ ಈಟಿ, ನೆರಳಿಗೆ ಒಂದು ಬೇವು. ಪೂಜೆಗೆ ಪ್ರಭಾಕರನ ಚಿಕ್ಕಪ್ಪ ಚಿಕ್ಕಮುನಿಯಪ್ಪನೇ. ಅಡುಗೆಗೆ ಮೂರು ಒಲೆ ಹೂಡಿದ್ದರು. ದೊಡ್ಡ ಡಬರಿಯಲ್ಲಿ ನೀರು ಕುದಿಯುತ್ತಿತ್ತು, ಮಸಾಲೆ ಅರೆದಾಗಿತ್ತು. ಗಂಗಾಲಕ್ಷ್ಮಿಯ ಅಣ್ಣ ರಾಮಪ್ಪ ಕತ್ತಿ ಮಸೆದು, ಬಾಳೆ ಎಲೆ ಹಾಸಿ, ಲುಂಗಿ ಮಡಚಿ ಕಟ್ಟಿ ತಯಾರಾಗಿದ್ದ. ಕುರಿ ಕೊಯ್ಯುವುದರಲ್ಲಿ ಆ ಕಡೆಯ ಊರುಗಳಲ್ಲೆಲ್ಲ ಅವನ ಹೆಸರಿತ್ತು. ಸೆಲ್ವಕುಮಾರನೂ ಕಾರಿನಲ್ಲಿ ಬಂದ. ಬಿಳಿ ಪಂಚೆ, ಬಿಳಿ ಅಂಗಿ. ಕಾರಿನಿಂದ ಇಳಿದವನೇ, “ಎನ್ನ ತಂಬಿ, ರೆಡಿಯಾ?” ಎಂದು ಪ್ರಭಾಕರನ ಕೈ ಕುಲುಕಲು ಹೋದ. ಪ್ರಭಾಕರ್ ಕೈ ಕಟ್ಟಿಕೊಂಡೇ ತಲೆ ಬಾಗಿಸಿದ. ಸೆಲ್ವಕುಮಾರ್ ಚಾಚಿದ ಕೈಯನ್ನು ಹಾಗೇ ಮೇಲೆತ್ತಿ ತನ್ನ ಕೂದಲು ಸವರಿಕೊಂಡ.

ಅವರಲ್ಲಿ ಒಂದು ಕಟ್ಟಳೆ. ಹರಕೆಯ ಟಗರಿಗೆ ಹೂ ಹಾಕಿ, ಅರಿಶಿನದ ನೀರು ಎರಚಿ, ಸುತ್ತ ನಿಂತು ಕಾಯಬೇಕು. ಟಗರು ತಾನಾಗಿ ಮೈ ಕೊಡವಿದರೆ ಸ್ವಾಮಿ ಒಪ್ಪಿದನೆಂದು ಅರ್ಥ. ಆಮೇಲೇ ಕತ್ತಿ. ಮುಟ್ಟುವಂತಿಲ್ಲ, ತಟ್ಟುವಂತಿಲ್ಲ, ಹೆದರಿಸುವಂತಿಲ್ಲ. ಸಾಮಾನ್ಯವಾಗಿ ಇದಕ್ಕೆ ಹೊತ್ತು ಹಿಡಿಯುವುದಿಲ್ಲ. ಹರಕೆಯ ಕುರಿಗಳು ಮಳೆ ಬಿಟ್ಟರೆ ಬೇರೆ ನೀರು ಕಾಣದವು. ಬೆನ್ನ ಮೇಲೆ ತಣ್ಣನೆಯ ನೀರು ಬಿದ್ದ ಕೂಡಲೇ ಚಟಪಟ ಒದರುತ್ತವೆ.

ಚಿಕ್ಕಮುನಿಯಪ್ಪ ಚೊಂಬಿನಿಂದ ನೀರು ಎರಚಿದ. “ಒಪ್ಗೆ ಕೊಡು ಸಾಮಿ.”

ಟಗರು ಕಣ್ಣು ಮುಚ್ಚಿ ಗದ್ದ ಎತ್ತಿತು.

ಇನ್ನೊಂದು ಚೊಂಬು ಎರಚಿದ. ಟಗರು ನಿಧಾನವಾಗಿ ತಿರುಗಿ ಇನ್ನೊಂದು ಮಗ್ಗುಲು ಕೊಟ್ಟಿತು.

“ಏನಿದು?” ಎಂದ ಚಿಕ್ಕಮುನಿಯಪ್ಪ.

“ಆ ಕಡೇನೂ ತೊಳೀಬೇಕು ಅಂತೈತೆ” ಎಂದಳು ಸಂಧ್ಯಾ. “ಅವ್ವ, ದಿನಾ ಸ್ನಾನ ಮಾಡ್ಸಿದ್ದು ನೀನೇ ತಾನೆ? ಅದ್ಕೆ ನೀರಂದ್ರೆ ಭಯ ಓಗೈತೆ. ದಿನಾ ಬಿದ್ದೂ ಬಿದ್ದೂ, ಇದರಿಂದ ಏನೂ ಆಗಲ್ಲ ಅಂತ ಮೈ ಕಲ್ತುಬಿಟ್ಟೈತೆ. ಇನ್ಯಾತಕ್ಕೆ ಕೊಡವ್ತದೆ?”

ಮಾರಕ್ಕ ಸೆರಗು ಬಾಯಿಗೆ ಹಚ್ಚಿದಳು. “ಸುದ್ದ ಮಾಡ್ದೆ ಕಣೇ. ಸುದ್ದ ಮಾಡೋದು ತಪ್ಪಾ?”

“ಶಾಂಪೂ ಬೇರೆ ಆಕಿದಾಳೆ” ಎಂದು ಹಿಂದಿನಿಂದ ಯಾರೋ ಹೇಳಿದರು.

ಚಿಕ್ಕಮುನಿಯಪ್ಪ ಒಪ್ಪಲಿಲ್ಲ. “ಸಾಮಿ ಒಪ್ಗೆಗೂ ಶಾಂಪೂಗೂ ಏನು ಸಮ್ಮಂದ? ಯಾರೋ ಮನಸ್ನಾಗೆ ಏನೋ ಇಟ್ಕೊಂಡವ್ರೆ. ಅದ್ಕೇ ತಡೀತಾವನೆ. ಇರೋದನ್ನ ಯೋಳ್ಬಿಡಿ, ಬಿಸ್ಲು ಏರ್ತಾ ಐತೆ.”

“ನನ್ನ ಮನಸ್ನಾಗೆ ಏನೂ ಇಲ್ಲ” ಎಂದ ರಾಮಪ್ಪ. “ಒಟ್ಟೇಲೂ ಇಲ್ಲ. ಬೇಕಾದ್ರೆ ಸತ್ಯ ಮಾಡ್ತೀನಿ.”

ಚಿಕ್ಕಮುನಿಯಪ್ಪನ ಹೆಂಡತಿ ಎಲ್ಲಮ್ಮ ಮುಂದೆ ಬಂದು, ಅರಿಶಿನ ಮನೆಯಲ್ಲಿ ಕುಟ್ಟಿದ್ದಲ್ಲ, ಅಂಗಡಿ ಪೊಟ್ಟಣದ್ದು ಎಂದು ಒಪ್ಪಿಕೊಂಡಳು. ನೀರು ಎರಚಿದರು. ಟಗರು ಕದಲಲಿಲ್ಲ. ಹಿಂದಿನ ವರ್ಷ ಎಲ್ಲಮ್ಮನ ಮನೆಯ ಕೋಳಿ ತನ್ನ ಮನೆಯಲ್ಲಿ ಮೊಟ್ಟೆ ಇಟ್ಟದ್ದನ್ನು ಹೇಳಿರಲಿಲ್ಲ ಎಂದು ಒಬ್ಬಾಕೆ ಹೇಳಿದಳು. ಎಲ್ಲಮ್ಮ ಅವಳ ಕಡೆ ತಿರುಗಿ ನೋಡಿದಳು. ಮತ್ತೆ ಎರಚಿದರು. ಟಗರು ಕೊರಳಿನ ಹೂವಿನಲ್ಲಿ ಬಾಯಿಗೆ ಎಟುಕಿದಷ್ಟನ್ನು ತಿನ್ನಲು ಶುರುಮಾಡಿತು. ಡಬರಿಯ ನೀರು ಬತ್ತಿ, ಇನ್ನೊಂದು ಕೊಡ ಸುರಿದರು.

ಆಗ ಗಂಗಾಲಕ್ಷ್ಮಿ ಹೇಳಿದಳು. ಗಂಡನ ಕಡೆ ನೋಡದೆ, ಈಟಿಗಳ ಕಡೆ ನೋಡುತ್ತಾ ಹೇಳಿದಳು.

“ನಾನು ಶಾಪ ಆಕಿದೀನಿ. ಬ್ಯಾನರ್ ಬಂದಾಗ್ನಿಂದ ಇವ್ರು ನನ್ನ ಕೈಯಿಂದ ಒಂದು ಲೋಟ ಇಸ್ಕೊಂಡಿಲ್ಲ. ಕೆಳಗಿಡು ಅಂತಾರೆ, ನಾಯಿಗಿಟ್ಟಂಗೆ. ದೊಡ್ಮನುಷ್ಯ ಆದ್ರು, ನಾನು ಸಾಲ್ದೆ ಓದೆ. ಆ ಬ್ಯಾನರ್ ಗಾಳೀಗೆ ಅರ್ದೋಗ್ಲಿ ಅಂದಿದೀನಿ. ದಿನಾ ಅಂದಿದೀನಿ.”

ಪ್ರಭಾಕರನ ಕಂಕುಳಲ್ಲಿದ್ದ ಕೈಗಳು ಪಕ್ಕೆಲುಬನ್ನು ಒತ್ತಿಕೊಂಡವು. ಟಗರು ಹೂ ಅಗಿಯುತ್ತಿತ್ತು.

“ಅರಕೆ ಯಾರ ಎಸರಲ್ಲೈತೆ?” ಎಂದ ಚಿಕ್ಕಮುನಿಯಪ್ಪ. “ಅವ್ನೇ ಬಂದು ನೀರಾಕ್ಲಿ. ಬಾ ಇಲ್ಲಿ ಪ್ರಬಾಕ್ರ. ಕೈ ತಗಿ. ಸಾಮಿ ಮುಂದೂ ಕೈ ಕಟ್ಕೊಂಡೇ ನಿಲ್ತೀಯೇನ್ಲಾ?”

“ನೀವೇ ಆಕಿ ಚಿಕ್ಕಪ್ಪ.”

“ಮಾಪ್ಳೆ, ಓಗು ಮಾಪ್ಳೆ” ಎಂದ ರಾಮಪ್ಪ ತಂಗಿಯ ಗಂಡನಿಗೆ. “ನನ್ನ ಕತ್ತಿ ಮತ್ತೆ ಮೊಂಡಾಗ್ತಾ ಐತೆ.”

ಸೆಲ್ವಕುಮಾರ್, “ಪೋ ತಂಬಿ, ಬಸ್ಸನ್ನೇ ನಿಲ್ಲಿಸಿದವನು ನೀನು” ಎಂದು ಬೆನ್ನು ತಟ್ಟಿದ.

ಹೋಗದೆ ಉಳಿಯಲು ಅವನಿಗೆ ಯಾವ ದಾರಿಯೂ ಇರಲಿಲ್ಲ. ಒಂದು ಕೈ ಬಿಚ್ಚಿದ, ಇನ್ನೊಂದನ್ನೂ ಬಿಚ್ಚಿದ. ಚಿಕ್ಕಪ್ಪ ತುಂಬಿದ ಚೊಂಬು ಕೊಟ್ಟ. ಕೈಗೆ ಬಂದದ್ದೇ ಚೊಂಬು ಕುಣಿಯಲು ಶುರುಮಾಡಿತು. ಅವನು ಬೆನ್ನಿನ ಮೇಲೆ ಹೊಯ್ಯಲು ಹೋದ; ನೀರು ಧಾರೆಯಾಗಿ ಬೀಳದೆ ಅತ್ತ ಇತ್ತ ಸಿಡಿಯಿತು. ಟಗರಿನ ಮುಖಕ್ಕೆ, ಕೊಂಬಿಗೆ, ತೊಟ್ಟು ತೊಟ್ಟಾಗಿ ಕಿವಿಯ ಒಳಕ್ಕೆ. ಮಾರಕ್ಕ ಎಷ್ಟು ಸ್ನಾನ ಮಾಡಿಸಿದ್ದರೂ ಕಿವಿಗೆ ಮಾತ್ರ ಅಂಗೈ ಅಡ್ಡ ಹಿಡಿಯುತ್ತಿದ್ದಳು. ಟಗರು ಬೆಚ್ಚಿ ಕಣ್ಣು ತೆರೆಯಿತು. ತಲೆ ಒದರಿತು, ಕತ್ತು ಒದರಿತು, ಕೊನೆಗೆ ಬಾಲದ ತುದಿಯವರೆಗೆ ಇಡೀ ಮೈ ಕೊಡವಿತು. ಸುತ್ತ ನಿಂತವರಿಗೆಲ್ಲ ಅರಿಶಿನದ ಹನಿ ಸಿಡಿಯಿತು. ಸೆಲ್ವಕುಮಾರನ ಬಿಳಿ ಅಂಗಿಗೆ ಹೆಚ್ಚು.

ಹೆಂಗಸರು ನಾಲಿಗೆ ಹೊರಳಿಸಿ ಕುಲವೆ ಇಟ್ಟರು. ರಾಮಪ್ಪ ಹಗ್ಗಕ್ಕೆ ಕೈ ಹಾಕಿದ. ಆ ಗದ್ದಲದಲ್ಲಿ ಚೊಂಬು ಕೆಳಗೆ ಬಿದ್ದು ಉರುಳಿದ್ದನ್ನು ಮೊದಲು ನೋಡಿದವಳು ಗಂಗಾಲಕ್ಷ್ಮಿ.

ಪ್ರಭಾಕರ್ ನಿಂತಲ್ಲೇ ನಡುಗುತ್ತಿದ್ದ. ಕೈ ಅಲ್ಲ, ಈಗ ಇಡೀ ಮೈ. ತೋಳು, ಭುಜ, ಮೊಣಕಾಲು, ದವಡೆ. ಹಲ್ಲು ಕಟಕಟ ಅನ್ನುತ್ತಿತ್ತು. ಹಾಗೇ ಕುಸಿದು ಕೂತ.

“ಸಾಮಿ ಬಂದವ್ನೆ!” ಎಂದು ಎಲ್ಲಮ್ಮ ಕೂಗಿದಳು. “ಮೈಮ್ಯಾಲೆ ಸಾಮಿ ಬಂದವ್ನೆ!”

ಎಲ್ಲರೂ ಕೈ ಮುಗಿದರು. ಚಿಕ್ಕಮುನಿಯಪ್ಪ ಕರ್ಪೂರದ ತಟ್ಟೆ ಹಿಡಿದು ಮುಂದೆ ಕೂತ. ಸಂಧ್ಯಾ, “ಸಾಮಿನೂ ಇಲ್ಲ ಏನೂ ಇಲ್ಲ, ಬಿಡಿ ಅವನ್ನ, ಗಾಳಿ ಬಿಡಿ” ಎನ್ನುತ್ತಲೇ ಇದ್ದಳು. ಕುಲವೆಯಲ್ಲಿ ಯಾರಿಗೂ ಕೇಳಿಸಲಿಲ್ಲ.

“ಯಾರಪ್ಪ ಬಂದಿರೋದು?” ಎಂದ ಚಿಕ್ಕಮುನಿಯಪ್ಪ, ಇಂಥಾ ಹೊತ್ತಿನಲ್ಲಿ ಕೇಳಬೇಕಾದ ಧ್ವನಿಯಲ್ಲಿ.

“ಪ್ರ... ಪ್ರಭಾಕರ್.”

“ಎಸರು ಯೋಳು ಸಾಮಿ. ಮುನಿಯಪ್ಪನಾ? ಈರಬದ್ರನಾ?”

“ಪ್ರಭಾಕರ್, ಚಿಕ್ಕಪ್ಪ.”

ಚಿಕ್ಕಮುನಿಯಪ್ಪ ಹಿಂದಕ್ಕೆ ತಿರುಗಿ, “ಎಸರು ಯೋಳಾಕೆ ಒಪ್ತಾ ಇಲ್ಲ” ಎಂದ. ಮತ್ತೆ ಮುಂದಕ್ಕೆ ತಿರುಗಿ, “ಆಗ್ಲಿ ಸಾಮಿ. ಏನು ಬೇಕು ಕೇಳು.”

ಪ್ರಭಾಕರ್ ಹಲ್ಲು ಕಚ್ಚಿಕೊಂಡು ಹೇಳಿದ. “ನಾಳೆ ಬಸ್ ಓಡ್ಸೋಕಾಗಲ್ಲ.”

ಕುಲವೆ ನಿಂತಿತು. ಎಲ್ಲರೂ ಸೆಲ್ವಕುಮಾರನ ಕಡೆ ನೋಡಿದರು. ಸೆಲ್ವಕುಮಾರ್ ಚಪ್ಪಲಿ ಬಿಟ್ಟು ಮುಂದೆ ಬಂದ. ಡ್ರೈವರ್ ಹೀಗೆ ಹೇಳಿದ್ದರೆ ಅವನಿಗೆ ಉತ್ತರ ಗೊತ್ತಿತ್ತು. ಸ್ವಾಮಿಗೆ ಏನು ಹೇಳುವುದೆಂದು ಗೊತ್ತಿರಲಿಲ್ಲ. ಕೆನ್ನೆಗೆ ಕೈ ತಟ್ಟಿಕೊಂಡು, “ಸಾಮಿ ಸೊನ್ನಾ ಸರಿ, ಸಾಮಿ ಹೇಳಿದರೆ ಮುಗಿಯಿತು” ಎಂದ. “ಯಾವತ್ತು ಹತ್ತಬೇಕೆಂದು ಸಾಮಿಯೇ ಹೇಳಲಿ. ಹುಡುಗ ಧೈರ್ಯವಂತ, ಅವನ ಮೇಲೆ ನನಗೆ ಯಾವ ದೂರೂ ಇಲ್ಲ.”

ಅಲ್ಲಿಗೆ ಬಿಟ್ಟಿದ್ದರೆ ಎಲ್ಲವೂ ಮುಗಿಯುತ್ತಿತ್ತು. ಬ್ಯಾನರು ಮರದಲ್ಲಿ ಇರುತ್ತಿತ್ತು, ಸ್ವಾಮಿ ಬೇಡ ಎಂದ ಎಂಬ ಮಾತು ಘಾಟಿಯ ಮೇಲೆ ಹೋಗುತ್ತಿತ್ತು, ಪ್ರಭಾಕರನ ಹೆಸರು ಇನ್ನೂ ಒಂದು ಗೇಣು ಏರುತ್ತಿತ್ತು. ಅವನಿಗೆ ಅದು ತಿಳಿಯಿತು. ಮೈ ನಡುಗುತ್ತಿದ್ದರೂ ತಲೆ ಬಹಳ ದಿನಗಳ ಮೇಲೆ ತಿಳಿಯಾಗಿತ್ತು. ಗಂಗಾಲಕ್ಷ್ಮಿ ಎದುರಿಗೇ ನಿಂತು ಅವನ ಬೆರಳುಗಳನ್ನು ನೋಡುತ್ತಿದ್ದಳು.

“ಸಾಮಿ ಅಲ್ಲ ಅಣ್ಣಾ” ಎಂದ. “ನಾನೇ. ಅವತ್ತಿಂದ ಕೈ ನಿಲ್ತಾ ಇಲ್ಲ. ಅವತ್ತು ಏನ್ಮಾಡ್ದೆ ಅಂತ್ಲೂ ನೆಪ್ಪಿಲ್ಲ. ಒಂದು ಕೋತಿ ನೆಪ್ಪೈತೆ, ಅಷ್ಟೇ. ಲೋಟ ಇಡ್ಕೊಳಾಕಾಗಲ್ಲ, ಅದ್ಕೇ ಕೆಳಗಿಡು ಅಂತಿದ್ದೆ. ಸ್ಟಿಯರಿಂಗ್ ಎಂಗೆ ಇಡ್ಕೊಳ್ಲಿ? ನಂಗೆ ಎದ್ರಿಕೆ ಆಗ್ತೈತೆ.”

ಚಿಕ್ಕಮುನಿಯಪ್ಪನ ತಟ್ಟೆಯಲ್ಲಿ ಕರ್ಪೂರ ಉರಿದು ಆರಿತು. ಯಾರಿಗೆ ಆರತಿ ಕೊಡುವುದೆಂದು ತಿಳಿಯದೆ ಅವನು ಆರಿದ ತಟ್ಟೆಯನ್ನು ಕಲ್ಲುಗಳ ಮುಂದೆ ಇಟ್ಟ.

“ಕೋತಿಯಾ?” ಎಂದ ಸೆಲ್ವಕುಮಾರ್.

“ಬಿಸ್ಕೆಟ್ ತಿಂತಿತ್ತು.”

ಸೆಲ್ವಕುಮಾರ್ ಅಂಗಿಯ ಮೇಲಿನ ಅರಿಶಿನದ ಕಲೆಗಳನ್ನು ನೋಡಿಕೊಂಡ. “ಇದನ್ನು ನಾಳೆ ಹದಿನೈದನೇ ತಿರುವಿನಲ್ಲಿ ಹೇಳದೆ ಇವತ್ತು ಹೇಳಿದೆಯಲ್ಲ” ಎಂದ. “ಬೇರೆ ಡ್ರೈವರ್ ನೋಡುತ್ತೇನೆ. ಮೊದಲು ಡಾಕ್ಟರ್ ಹತ್ತಿರ ಹೋಗು. ಅವರು ಸರಿ ಅಂದ ಮೇಲೆ ತಾರಮಂಗಲಂ ರೂಟು ಇದೆ. ಅಲ್ಲಿ ತಿರುವೂ ಇಲ್ಲ, ಕೋತಿಯೂ ಇಲ್ಲ.”

“ದೇವಸ್ಥಾನದ ಹತ್ರ ಕೋತಿ ಐತೆ” ಎಂದ ಗುಂಪಿನಿಂದ ಒಬ್ಬ.

“ಇರಲಿ ಬಿಡಪ್ಪ” ಎಂದ ಸೆಲ್ವಕುಮಾರ್.

“ಈಗ ಒಪ್ಗೆ ಆಯ್ತಾ ಇಲ್ವಾ?” ಎಂದು ರಾಮಪ್ಪ ಕೇಳಿದ. “ಟಗರೂ ಒದ್ರೈತೆ, ಮಾಪ್ಳೆನೂ ಒದ್ರವ್ನೆ. ಯಾರ್ನ ಇಡೀಲಿ?”

ಚಿಕ್ಕಮುನಿಯಪ್ಪ ಯೋಚಿಸಿ, ಟಗರು ಮೊದಲು ಕೊಡವಿದ್ದು ಎಂದು ತೀರ್ಪು ಕೊಟ್ಟ.

*

ಊಟ ಸಿದ್ಧವಾಗುವಾಗ ಹೊತ್ತು ಇಳಿದಿತ್ತು. ಪ್ರಭಾಕರ್ ಬೇವಿನ ಬುಡದಲ್ಲಿ ಕಂಬಳಿ ಹೊದ್ದು ಕೂತಿದ್ದ. ನಡುಕ ಕಡಿಮೆಯಾಗಿತ್ತು, ಕೈಯದು ಮಾತ್ರ ಮೊದಲಿನಂತೆಯೇ ಇತ್ತು. ಸಂಧ್ಯಾ ಇನ್ನೊಮ್ಮೆ ಬಿಪಿ ನೋಡಿದಳು. ಬೆಳಿಗ್ಗೆಗಿಂತ ಸ್ವಲ್ಪ ಇಳಿದಿದೆ, ಆದರೆ ಸರಿ ಎನ್ನುವಷ್ಟಲ್ಲ ಎಂದಳು. ನಾಳೆ ತನ್ನ ಜೊತೆಯಲ್ಲೇ ಹರೂರಿಗೆ ಹೊರಡಬೇಕು ಎಂದೂ ಹೇಳಿದಳು.

ಆಮೇಲೆ ರಾಮಪ್ಪನ ಹತ್ತಿರ ಹೋಗಿ, ಬಾಳೆ ಎಲೆಯ ಚೂರಿನ ಮೇಲೆ ಏನನ್ನೋ ತಂದಳು. ಟಗರಿನ ಮೂತ್ರಪಿಂಡದ ಕೊಬ್ಬಿನಿಂದ ಬಿಡಿಸಿದ ಒಂದು ಕಂದು ಬಣ್ಣದ ತುಂಡು. ದಪ್ಪ ಅವರೆಕಾಳಿನಷ್ಟು.

“ಇದೇ ಅಣ್ಣ. ನಿಂದು ಇದಕ್ಕಿಂತ ಒಸಿ ದೊಡ್ದಿರ್ತದೆ, ಅಷ್ಟೇ.”

ಪ್ರಭಾಕರ್ ಬಗ್ಗಿ ನೋಡಿದ. “ಇಷ್ಟೇನಾ?”

“ಇಷ್ಟೇ.”

“ಬಸ್ಸನ್ನ ಇದು ನಿಲ್ಸ್ತಾ?”

ರಾಮಪ್ಪ ಕೈ ಒರೆಸಿಕೊಳ್ಳುತ್ತಾ ಬಂದು ಇಣುಕಿದ. “ಅಯ್ಯ, ಇದಾ! ಕೊಬ್ಬಿನ ಜೊತೆ ದಿನಾ ಬಿಸಾಕ್ತೀನಲ್ಲ.” ಎಲೆಯಿಂದ ಬೆರಳಲ್ಲಿ ಚಿಮ್ಮಿ ನಾಯಿಯ ಕಡೆ ಹಾಕಿದ. ನಾಯಿ ಓಡಿ ಬಂದು ಮೂಸಿತು, ಸ್ವಲ್ಪ ಹೊತ್ತು ಯೋಚಿಸಿತು, ತಿನ್ನದೆ ಹೋಯಿತು.

ಗಂಗಾಲಕ್ಷ್ಮಿ ಮಜ್ಜಿಗೆ ತಂದಳು. ಲೋಟವನ್ನು ಕೆಳಗಿಡಲಿಲ್ಲ, ಚಾಚಿದಳು. ಅವನು ಎರಡು ಕೈಯಲ್ಲೂ ಇಸಿದುಕೊಂಡ. ಅರ್ಧ ಕಂಬಳಿಯ ಮೇಲೆ ಚೆಲ್ಲಿತು, ಅರ್ಧ ಕುಡಿದ. ಅವಳು ಚೊಂಬಿನಿಂದ ಮತ್ತೆ ತುಂಬಿದಳು.

“ನಂಗೆ ಒಂದ್ಮಾತು ಯೋಳಾಕೆ ಏನಾಗಿತ್ತು?”

“ನೀನು ಎದರ್ಕೊಳ್ತೀಯ ಅಂತ.”

“ನಾನು ಶಾಪ ಆಕ್ತಾ ಕೂತಿದ್ದೆ” ಎಂದಳು ಗಂಗಾಲಕ್ಷ್ಮಿ. “ಎದರ್ಕೊಂಡಿದ್ರೆ ಶಾಪ ಆಕೋ ಹೊತ್ತಾದ್ರೂ ಉಳೀತಿತ್ತು.”

ಬ್ಯಾನರನ್ನು ಒಂದು ವಾರದ ಮೇಲೆ ಪ್ರಭಾಕರನೇ ಮರ ಹತ್ತಿ ಬಿಚ್ಚಿದ. ಫ್ಲೆಕ್ಸು ಗಟ್ಟಿಯಾಗಿತ್ತು, ಬಿಸಾಕಲು ಮಾರಕ್ಕನಿಗೆ ಮನಸ್ಸಾಗಲಿಲ್ಲ. ಕುರಿಕೊಟ್ಟಿಗೆಯ ಸೋರುವ ಮೂಲೆಗೆ ಅದನ್ನು ಒಳಗಡೆಯಿಂದ ಕಟ್ಟಿದರು, ಚಿತ್ರ ಕೆಳಮುಖವಾಗಿ. ಮೊದಲ ಸಂಜೆ ಮಂದೆ ಒಳಗೆ ಬರಲಿಲ್ಲ. ತಲೆಯ ಮೇಲೆ ಎರಡು ಹುಲಿ ನೋಡಿ ಬಾಗಿಲಲ್ಲೇ ಒತ್ತಿಕೊಂಡು ನಿಂತವು. ಮಾರಕ್ಕ ಬೈದಳು, ಹುಲ್ಲು ತೋರಿಸಿದಳು, ಎಳೆದಳು. ಎರಡನೆಯ ಸಂಜೆ ಅರ್ಧ ಬಂದವು. ಅಷ್ಟರಲ್ಲಿ ಪ್ರಭಾಕರ್ ಹರೂರಿನ ಡಾಕ್ಟರು ಕೊಟ್ಟ ಮಾತ್ರೆಗಳನ್ನು ನುಂಗಿ, ಟೀ ಅಂಗಡಿಗೆ ಮತ್ತೆ ಹೋಗತೊಡಗಿದ್ದ. ಅವನ ಲೋಟ ಇನ್ನೂ ಕಟಕಟ ಎನ್ನುತ್ತಿತ್ತು. ಅಂಗಡಿಯವನು ಅದಕ್ಕೆಂದು ಅರ್ಧವೇ ತುಂಬಿ ಕೊಡುತ್ತಿದ್ದ, ಆಮೇಲೆ ಉಳಿದ ಅರ್ಧ.

ಮೂರನೆಯದೋ ನಾಲ್ಕನೆಯದೋ ಸಂಜೆ ಪ್ರಭಾಕರ್ ಟೀ ಕುಡಿದು ಬಂದು ಕೊಟ್ಟಿಗೆಯೊಳಗೆ ಇಣುಕಿದ. ಕುರಿಗಳೆಲ್ಲ ಹುಲಿಗಳ ಕೆಳಗೆ ಮಲಗಿ ಮೆಲುಕು ಹಾಕುತ್ತಿದ್ದವು. ಒಂದು ಮುದಿ ಕುರಿ ಮಾತ್ರ ಬಾಗಿಲ ಹತ್ತಿರವೇ ನಿಂತಿತ್ತು. ಅವನು ಅದನ್ನು ಎಳೆಯಲಿಲ್ಲ. ಬಾಗಿಲು ತೆರೆದಿಟ್ಟು, ಪಕ್ಕದ ಕಲ್ಲುಚಪ್ಪಡಿಯ ಮೇಲೆ ಕೂತ.